ಅತ್ತೆಯ ಸವತಿಯ ಸಾಗಾಟ

ಕಾಲಡಿಯ ನೆಲ ಕುಸಿಯಿತು ಎಂದು ಜನ ಹೇಳುವುದನ್ನು ಕೇಳಿದ್ದೇನೆ. ನನಗೆ ಆ ಶನಿವಾರ ಕುಸಿದದ್ದು ನೆಲವಲ್ಲ, ನಾಲಿಗೆ. ಇದು ನಡೆದ ಕಥೆ. ನಡೆದದ್ದು ಕಥೆ ಮಾತ್ರ, ಕಾರಲ್ಲ; ಕಾರು ನಡೆದಿದ್ದರೆ ಈ ಕಥೆ ನಡೆಯುತ್ತಿರಲಿಲ್ಲ. ಸುಳ್ಳು ಸೇರಿಸೋಣವೆಂದು ಹೊರಟೆ, ನಿಜವೇ ಎಲ್ಲ ಕಡೆ ಕಾಲು ಚಾಚಿ ಕೂತಿತ್ತು, ಜಾಗ ಸಿಗಲಿಲ್ಲ.

ನನ್ನ ಮಾವ, ಅಂದರೆ ಅಮ್ಮನ ತಮ್ಮ, ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ನಿಂತು ಬಂದ ಗಡಿಯಾರ ಓಡಿಕೊಂಡೇ ಹೊರಗೆ ಹೋಗಬೇಕು, ಅದು ಅವರ ಹಟ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದ ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಹಲ್ಲುಚಕ್ರ ಹಿಡಿದು, "ಬಾರಪ್ಪ ದಾರಿಗೆ" ಎಂದು ಗದರಿಸುತ್ತಿದ್ದರು. ಅದು ದಾರಿಗೆ ಬರುತ್ತಿತ್ತು. ನಮ್ಮ ಬೀದಿಯಲ್ಲಿ ಅವರ ಕೈ ಸೋಕಿಯೂ ಓಡದ ವಸ್ತು ಒಂದೇ. ಅದು ಅವರದೇ ಮನೆಯ ಪಕ್ಕದ ಶೆಡ್ಡಿನಲ್ಲಿತ್ತು.

ಅವರ ಅಪ್ಪನ ಕಾಲದ ಕಾರು. ಉದ್ದನೆಯ ಮೂತಿ, ಕಪ್ಪೆಗಣ್ಣಿನಂಥ ದೀಪಗಳು, ಬಾಗಿಲ ಕೆಳಗೆ ಕಾಲಿಟ್ಟು ಹತ್ತಲು ಹಲಗೆ, ಹೊರಗೆ ಕೈಗೆಟಕುವಂತೆ ರಬ್ಬರ್ ಬುರುಡೆಯ ಹಾರ್ನು. ಮಾವ ಅದನ್ನು ಪಟ್ಟದರಸಿ ಅನ್ನುತ್ತಿದ್ದರು. ಅತ್ತೆ ಸವತಿ ಅನ್ನುತ್ತಿದ್ದರು. "ನನಗಿಂತ ಮೊದಲೇ ಈ ಮನೆಗೆ ಬಂದವಳು, ನನಗಿಂತ ಹೆಚ್ಚು ಸೇವೆ ಮಾಡಿಸ್ಕೊಂಡವಳು. ಬೇರೆ ಇನ್ನೇನಂತ ಕರೀಲಿ?"

ಅತ್ತೆಗೆ ಅದರ ಮೇಲಿದ್ದ ಸಿಟ್ಟು ಮದುವೆಯಷ್ಟೇ ಹಳೆಯದು. ಮದುವೆಯ ದಿನ ಮದುಮಗಳನ್ನು ಇದೇ ಕಾರಿನಲ್ಲಿ ಮನೆಗೆ ಕರೆತರುವಾಗ, ಪೇಟೆಯ ನಟ್ಟನಡು ಚೌಕದಲ್ಲಿ ಅದು ಒಮ್ಮೆ ಸೀನಿ ನಿಂತುಬಿಟ್ಟಿತು. ಮಾವ ಸ್ಟೀರಿಂಗ್ ಬಿಟ್ಟು ಇಳಿಯಲಿಲ್ಲ. ಹೊಸ ಸೀರೆ ಉಟ್ಟ ಮದುಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನಿಂದ ಕಾರು ತಳ್ಳಿಕೊಂಡು ಗಂಡನ ಮನೆಗೆ ಬಂದಳು. ಅದಾದರೂ ಹೋಗಲಿ. ಮನೆ ಮುಟ್ಟಿದ ಮೇಲೆ ಮಾವ ಅಂದರಂತೆ: "ಕೆಟ್ಟಿಲ್ಲ. ಸ್ವಲ್ಪ ಸುಧಾರಿಸ್ಕೊಳ್ತಿದೆ."

ಆಮೇಲೆ ಅದು ಸುಧಾರಿಸಿಕೊಳ್ಳುತ್ತಲೇ ಇತ್ತು. ಆ ಮನೆಯಲ್ಲಿ ಕಾರಿನ ವಿಷಯದಲ್ಲಿ ಕೆಟ್ಟಿದೆ, ಓಡಲ್ಲ ಎಂಬ ಮಾತು ಆಡುವ ಹಾಗಿರಲಿಲ್ಲ. ಮಾವನ ಮಕ್ಕಳು, ಬಂದ ನೆಂಟರು, ಹಾಲಿನವನು, ಎಲ್ಲರೂ ಅಭ್ಯಾಸ ಮಾಡಿಕೊಂಡಿದ್ದರು. ಮಕ್ಕಳು ಮದುವೆಯಾಗಿ ಬೇರೆ ಮನೆ ಮಾಡಿದರೂ ಫೋನಿನಲ್ಲಿ "ಪಟ್ಟದರಸಿ ಸುಧಾರಿಸ್ಕೊಂಡ್ಲಾ ಅಪ್ಪಾ?" ಎಂದೇ ಕೇಳುತ್ತಿದ್ದರು. ಅತ್ತೆಯೊಬ್ಬರು ಮಾತ್ರ ಇಷ್ಟು ವರ್ಷವೂ ಅದರೊಳಗೆ ಕಾಲಿಡಲಿಲ್ಲ. "ಕೆಟ್ಟಿತ್ತು ಅಂತ ಅವರ ಬಾಯಲ್ಲಿ ಬರ್ಲಿ, ಕೂರ್ತೀನಿ" ಅನ್ನುತ್ತಿದ್ದರು. ಬರಲಿಲ್ಲ, ಕೂರಲಿಲ್ಲ.

ಅತ್ತೆ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ ಹೊಲಿಗೆಯಂತ್ರ. ಸ್ನಾನಕ್ಕೆ ಹೋಗುವವರೆಲ್ಲ ನೀಲಿ ಚಡ್ಡಿಗಳ ರಾಶಿ ದಾಟಿ ಹೋಗಬೇಕು. ಈ ಸಲ ದೊಡ್ಡ ಕೆಲಸ ಸಿಕ್ಕಿತು. ಇನ್ನೂ ನಾಲ್ಕು ಯಂತ್ರ, ನಾಲ್ಕು ಜನ ಹೆಂಗಸರು, ಕೂರಲು ಜಾಗ ಬೇಕು. ಜಾಗವೆಂದರೆ ಶೆಡ್ಡು. ಒಂದು ಸಂಜೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತೀರ್ಪು ಕೊಟ್ಟರು:

"ಶನಿವಾರದೊಳಗೆ ಸವತಿ ಆಚೆ ಹೋಗ್ಬೇಕು. ಭಾನುವಾರ ಗುಜರಿಯವನು ಬರ್ತಾನೆ. ಮಾತಾಡಿ ಆಯ್ತು."

ಮಾವನ ಕಣ್ಣಿನಿಂದ ಭೂತಗನ್ನಡಿ ಜಾರಿ ಗಂಜಿಯ ತಟ್ಟೆಗೆ ಬಿತ್ತು. ಅಷ್ಟು ಬೆಚ್ಚಿದ್ದನ್ನು ನಾನು ಕಂಡಿರಲಿಲ್ಲ. ಅತ್ತೆಯ ಬಾಯಲ್ಲಿ ಸೂಜಿ ಇರುವಾಗ ಯಾರೂ ಮಾತಾಡುವುದಿಲ್ಲ.

ಒಂದು ದಾರಿ ಮಾತ್ರ ಇತ್ತು. ಬಲು ದೂರದ ಒಂದು ಊರಿನಲ್ಲಿ ಇಂಥ ಹಳೇ ಕಾರುಗಳಿಗೆ ಜೀವ ಕೊಡುವ ಮೇಸ್ತ್ರಿಯೊಬ್ಬರಿದ್ದರು. ಮಾವ ಅವರನ್ನು ಡಾಕ್ಟರು ಅನ್ನುತ್ತಿದ್ದರು. ವಯಸ್ಸಾಗಿ ವರ್ಕ್‌ಶಾಪ್ ಮುಚ್ಚುವವರಿದ್ದರು. "ಇನ್ನೊಂದೇ ಗಾಡಿ ಮುಟ್ತೀನಿ, ಬೇಗ ಕಳಿಸಿದ್ರೆ ನಿಮ್ಮದು, ಇಲ್ಲಾಂದ್ರೆ ಬೇರೆಯವರದು" ಎಂದು ಹೇಳಿದ್ದರು. ಅಲ್ಲಿಗೆ ಕಾರು ಹೋಗಬೇಕಾದರೆ ಟ್ರಕ್ಕಿನ ಬೆನ್ನೇರಿಯೇ ಹೋಗಬೇಕು.

ಸಾಗಾಟದ ಕಂಪನಿಗಳಿಗೆ ಮಾವ ಫೋನ್ ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ. ಎಂ.ಎ. ಓದಿ ಅಚ್ಚುಕೂಟದಲ್ಲಿ ಕರಡು ತಿದ್ದುವವನು ನಾನು. ಸಂಜೆ ಹೊತ್ತು ಮಾವನ ಅಂಗಡಿಯಲ್ಲಿ ಕಾಲ ಕಳೆಯುತ್ತಿದ್ದೆ. ಗಡಿಯಾರದಂಗಡಿಗಿಂತ ಕಾಲ ಕಳೆಯಲು ಒಳ್ಳೇ ಜಾಗ ಎಲ್ಲಿದೆ? ಆ ಕಡೆಯ ಗುಮಾಸ್ತ ಕೇಳಿದ:

"ಗಾಡಿ ರನ್ನಿಂಗಾ ಸಾರ್?"

ಮಾವ ಗಂಟಲು ಸರಿಮಾಡಿಕೊಂಡರು. ಗೋಡೆಯ ಮೇಲಿನ ಗಡಿಯಾರಗಳನ್ನೆಲ್ಲ ಒಮ್ಮೆ ನೋಡಿದರು.

"ರನ್ನಿಂಗೇ" ಅಂದರು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಓಡುವ ಕಾರಾದರೆ ಟ್ರಕ್ಕಿಗೆ ಹಲಗೆ ಒಡ್ಡುತ್ತಾರೆ, ಕಾರನ್ನು ಸ್ಟಾರ್ಟ್ ಮಾಡಿ ಹತ್ತಿಸುತ್ತಾರೆ, ಮುಗಿಯಿತು. ಓಡದ ಕಾರಿಗೆ ಬೇರೆಯದೇ ಟ್ರಕ್ಕು ಬೇಕು. ಉಕ್ಕಿನ ಹಗ್ಗ ಸುತ್ತಿಕೊಂಡು ಎಳೆಯುವ ರಾಟೆ ಅದರಲ್ಲಿರಬೇಕು. ವಿಂಚ್ ಅನ್ನುತ್ತಾರೆ. ಸುಳ್ಳು ಹೇಳಿ ಕರೆಸಿದರೆ ಬಂದ ಟ್ರಕ್ಕು ಬಂದ ದಾರಿಗೆ ಸುಂಕವಿಲ್ಲವೆಂದು ಖಾಲಿ ಹೊರಡುತ್ತದೆ. ಮರುದಿನ ಗುಜರಿಯವನು ಬರುತ್ತಾನೆ.

"ಮಾವ, ಓಡಲ್ಲ ಅಂತ ಹೇಳ್ಬಿಡಿ!"

"ಯಾರೋ ಹೇಳಿದ್ದು ಓಡಲ್ಲ ಅಂತ? ಇವತ್ತು ಓಡ್ತಿಲ್ಲ, ಅಷ್ಟೇ."

"ಇವತ್ತು ಅಂದ್ರೆ ನಾನು ಹುಟ್ಟೋಕೆ ಮುಂಚಿಂದಾನಾ?"

"ನೀನು ಹುಟ್ಟಿದ್ಮೇಲೆ ಯಾವುದು ತಾನೇ ಸರಿಯಾಗಿ ಓಡಿದೆ?"

ಇನ್ನು ಬೇರೆ ಉಪಾಯ ಬೇಕು ಅನಿಸಿತು. ನನಗೆ ಗೊತ್ತಿರುವ ವಿದ್ಯೆ ಒಂದೇ, ಬೇರೆಯವರ ಗಂಟಲು ಎರವಲು ತರುವುದು. ನಮ್ಮ ಅಚ್ಚುಕೂಟದ ಮ್ಯಾನೇಜರಿಗೆ ಒಂದು ದನಿ ಇದೆ. ಮಾತಿಗೆ ಮೊದಲು "ಉಹ್ಹು, ಉಹ್ಹು" ಎಂದು ಎರಡು ಕೆಮ್ಮು, ಆಮೇಲೆ ಖಾಲಿ ಡ್ರಮ್ಮಿನೊಳಗೆ ಕಲ್ಲು ಉರುಳಿದಂತೆ ಮಾತು. ಮರುದಿನ ಅಚ್ಚುಕೂಟದ ಫೋನಿನಿಂದ ಮಾವನಿಗೆ ಹಚ್ಚಿದೆ.

"ಉಹ್ಹು, ಉಹ್ಹು. ಗಡಿಯಾರದವರಾ? ನಾನು ಸಾಗಾಟದ ಕಂಪನಿ ಓನರ್ರು. ಗಾಡಿ ಓಡುತ್ತಾ?"

"ಓಡುತ್ತೆ ಸ್ವಾಮಿ."

"ನಮ್ಮೋರು ಬಂದಾಗ ನೀವೇ ಬೀದಿ ಸುತ್ತಿಸಿ ತೋರಿಸ್ಬೇಕು."

"ಧಾರಾಳವಾಗಿ!"

ನಾನು ಕಕ್ಕಾಬಿಕ್ಕಿಯಾದೆ. ಬಾವಿಯ ಅಂಚಿಗೆ ತಂದು ನಿಲ್ಲಿಸಿದರೂ ಈಜು ಬರುತ್ತದೆ ಎನ್ನುವ ಮನುಷ್ಯ. ಹೆದರಿಕೆ ನಡೆಯದಿದ್ದರೆ ಆಸೆ ಹುಟ್ಟಿಸಬೇಕು. ನಾಲಿಗೆಗೆ ಬಂದದ್ದನ್ನು ಹೇಳಿಬಿಟ್ಟೆ:

"ಉಹ್ಹು. ಹಾಗಾದ್ರೆ ನಿಮ್ಮ ನಸೀಬು ಇಲ್ಲ ಬಿಡಿ. ಓಡದ ಗಾಡಿಗಾದ್ರೆ ನಾವು ಜೊತೆಗೊಂದು ಜನ ಬಿಡ್ತೀವಿ. ಬಹಳ ದಿನ ನಿಂತ ಗಾಡಿ, ದಾರೀಲಿ ಗಾಬರಿ ಬೀಳುತ್ತೆ ನೋಡಿ. ಮನೆಯೋರು ಯಾರಾದ್ರೂ ಒಳಗೇ ಕೂತು, ದಿಂಬು ಗಿಂಬು ಇಟ್ಕೊಂಡು, ಬ್ರೇಕಿನ ಮೇಲೆ ಕಾಲಿಟ್ಕೊಂಡು ಆರಾಮಾಗಿ ಹೋಗ್ಬಹುದು. ಓಡೋ ಗಾಡಿಗೆ ಆ ಸವಲತ್ತಿಲ್ಲ."

ಆ ಕಡೆಯಿಂದ ಗಡಿಯಾರಗಳ ಟಿಕ್ ಟಿಕ್ ಮಾತ್ರ. ನಾನು ಬಾಯಿಗೆ ಕರವಸ್ತ್ರ ತುರುಕಿಕೊಂಡು ನಗು ತಡೆಯುತ್ತಿದ್ದೆ. ಆಗ ಮಾವನ ದನಿ ಬಂತು. ತೀರಾ ಸಣ್ಣ ದನಿ, ಪಕ್ಕದ ಕೋಣೆಗೂ ಕೇಳಿಸಬಾರದು ಅನ್ನುವಂತೆ.

"ಸ್ವಾಮಿ... ಓಡಲ್ಲ."

ನನ್ನ ನಗು ಕರವಸ್ತ್ರದಲ್ಲೇ ಉಳಿಯಿತು. ಇಷ್ಟು ವರ್ಷ ಹೆಂಡತಿಗೆ ಹೇಳದ ಮಾತನ್ನು ಮಾವ ಒಬ್ಬ ಇಲ್ಲದ ಮನುಷ್ಯನಿಗೆ ಹೇಳಿದ್ದರು. "ಆಗ್ಲಿ, ಟ್ರಕ್ ಕಳಿಸ್ತೀವಿ" ಎಂದು ಕೆಮ್ಮಿ ಫೋನ್ ಇಟ್ಟೆ.

ಕೂಡಲೇ ನಿಜವಾದ ಕಂಪನಿಗೆ ಫೋನ್ ಹಚ್ಚಿ, ಈ ಸಲ ಮಾವನ ದನಿಯಲ್ಲಿ, ಗಾಡಿ ಓಡಲ್ಲ, ವಿಂಚ್ ಇರುವ ಟ್ರಕ್ಕೇ ಕಳಿಸಿ ಎಂದೆ. ಫೋನ್ ಎತ್ತಿದ್ದು ಕಂಪನಿಯ ಒಡತಿ. ಚಾಕುವಿನಂಥ ದನಿ.

"ನಿನ್ನೆ ನಮ್ಮ ಹುಡುಗನಿಗೆ ಓಡುತ್ತೆ ಅಂದ್ರಂತಲ್ಲ?"

"ಆಗ ಹೆಂಡತಿ ಮನೇಲಿದ್ಲು ತಾಯಿ."

"ಗೊತ್ತಾಯ್ತು ಬಿಡಿ," ಎಂದರು ಒಡತಿ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ದಿಂಬಿನ ಮಾತು ಮರೆತೇಬಿಟ್ಟೆ. ಮಾವ ಮರೆಯಲಿಲ್ಲ.

ಶನಿವಾರ ಮಧ್ಯಾಹ್ನ ಟ್ರಕ್ಕು ಬಂತು. ಡ್ರೈವರು ಗಟ್ಟಿ ಆಳು, ಮಾತು ಕಡಿಮೆ. ಕಾರಿನ ಸುತ್ತ ಬಂದು ಗೀರುಗಳನ್ನೆಲ್ಲ ಫೋಟೋ ತೆಗೆದ. ಪೆಟ್ರೋಲ್ ಬಸಿದಿದೆಯೇ, ಬ್ಯಾಟರಿ ಬಿಚ್ಚಿದೆಯೇ ನೋಡಿದ. ಟೈರುಗಳಿಗೆ ಗಾಳಿ ತುಂಬಿದ. ಹಿಂದಿನ ಒಂದು ಚಕ್ರ ಮಾತ್ರ ಕಚ್ಚಿಕೊಂಡಿತ್ತು, ಸುತ್ತಿಗೆಯಿಂದ ಬ್ರೇಕ್ ಡ್ರಮ್ಮಿಗೆ ನಾಲ್ಕು ಕೊಟ್ಟ ಮೇಲೆ ಹಿಡಿತ ಬಿಟ್ಟಿತು. ಪ್ರತಿ ಏಟಿಗೂ ಮಾವ ತಮ್ಮದೇ ಮಂಡಿ ಹಿಡಿದುಕೊಳ್ಳುತ್ತಿದ್ದರು. ಅತ್ತೆ ಹೊರಗೆ ಬರಲಿಲ್ಲ. ಓಣಿಯಿಂದ ಹೊಲಿಗೆಯಂತ್ರದ ಸದ್ದು ಮಾತ್ರ, ಯಾವತ್ತಿಗಿಂತ ಜೋರಾಗಿ.

"ಒಬ್ರು ಸ್ಟೀರಿಂಗ್ ಹಿಡೀಬೇಕು" ಎಂದ ಡ್ರೈವರು. "ಎಳೆಯೋವಾಗ ಮೂತಿ ಅತ್ತಿತ್ತ ಹೋಗ್ಬಾರ್ದು."

"ನಾನೇ" ಎಂದರು ಮಾವ. ಅವರಲ್ಲದೆ ಇನ್ಯಾರು?

ವಿಂಚ್ ಗುರ್ರೆಂದಿತು. ಪಟ್ಟದರಸಿ ಶೆಡ್ಡಿನ ಕತ್ತಲಿಂದ ಮೂತಿ ಹೊರಗೆ ಹಾಕಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿದಂತೆ ನಿಂತು, ಹಲಗೆಯ ಮೇಲೆ ಇಷ್ಟಿಷ್ಟೇ ಏರಿದಳು. ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಎದುರಿಗೆ ದಾರಿಯಿದೆ ಅನ್ನುವಂತೆ ದಿಟ್ಟಿಸುತ್ತಿದ್ದರು. ಎದುರಿಗಿದ್ದದ್ದು ಟ್ರಕ್ಕಿನ ಕ್ಯಾಬಿನ್ನಿನ ಬೆನ್ನು. ಡ್ರೈವರು ಚಕ್ರಗಳಿಗೆ ಮರದ ತುಂಡು ಕೊಟ್ಟು ಬೆಲ್ಟು ಬಿಗಿದ. ನಾನು ಒಂದು ಬದಿಯಿಂದ ಟಾರ್ಪಾಲ್ ಎಳೆದೆ, ಅವನು ಇನ್ನೊಂದು ಬದಿಯಲ್ಲಿ ಹಗ್ಗ ಕಟ್ಟಿದ.

ಆ ಬದಿಯಿಂದ ಅವನು ಕೂಗಿದ: "ಯಜಮಾನ್ರು ಇಳಿದ್ರಾ?"

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾನು ನಿಲ್ಲಲಿಲ್ಲ. ಮಾವ ಆ ಕಡೆಯಿಂದ ಇಳಿದು, ಬೀಳ್ಕೊಡಲು ಮನಸ್ಸಾಗದೆ ಮನೆಯೊಳಗೆ ಹೋಗಿರಬೇಕು ಎಂದು ಎಣಿಸಿದ್ದೆ. ನಾಲಿಗೆಗೆ ನವೆ. ಮಾವನದೇ ದನಿಯಲ್ಲಿ, ಮಾವನದೇ ಗತ್ತಿನಲ್ಲಿ ಕೂಗಿದೆ:

"ಇಳಿದಾಯ್ತಪ್ಪಾ, ಹೊರಡು!"

ಅವನು ಹೊರಟ.

ಸ್ವಲ್ಪ ಹೊತ್ತಿಗೆ ಅತ್ತೆ ಮೂರು ಲೋಟ ಚಹಾ ಹಿಡಿದು ಬಂದರು. ಖಾಲಿ ಶೆಡ್ಡಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ನೆಲದ ಮೇಲೆ ಕಾರಿನ ಆಕಾರದಷ್ಟೇ ಎಣ್ಣೆಯ ಕಲೆ.

"ಹೋದ್ಲಾ?" ಅಂದರು. ಗೆದ್ದವರ ದನಿಯಾಗಿರಲಿಲ್ಲ. "ನಿಮ್ಮ ಮಾವ ಎಲ್ಲಿ?"

"ಒಳಗಿಲ್ವಾ?"

"ಒಳಗಿದ್ರೆ ನಿನ್ನನ್ಯಾಕೆ ಕೇಳ್ಲಿ?"

ಅಂಗಡಿಯಲ್ಲಿಲ್ಲ, ಬಚ್ಚಲಲ್ಲಿಲ್ಲ, ಮಾಳಿಗೆಯ ಮೇಲಿಲ್ಲ. ಫೋನ್ ಹಚ್ಚಿದರೆ ಅದು ಶೆಡ್ಡಿನ ಕಿಟಕಿಯ ಮೇಲೆಯೇ ರಿಂಗಾಯಿತು. ಅತ್ತೆ ಲೋಟಗಳನ್ನು ಹಿಡಿದುಕೊಂಡೇ ಮಲಗುವ ಕೋಣೆಗೆ ಹೋಗಿ ಬಂದರು. ಮುಖ ಬಿಳಿಚಿತ್ತು.

"ಲೋ, ಅವರ ದಿಂಬಿಲ್ಲ. ಹೊದಿಕೆ ಇಲ್ಲ. ಥರ್ಮಾಸೂ ಇಲ್ಲ. ನಿನ್ನೆ ನನ್ನ ಹತ್ರ ಕೇಳ್ತಿದ್ರು, ಕೂತ್ಕೊಂಡೇ ನಿದ್ದೆ ಮಾಡಿದ್ರೆ ಕತ್ತು ನೋಯುತ್ತಾ ಅಂತ."

ದಿಂಬು. ಜೊತೆಗೊಂದು ಜನ. ಬ್ರೇಕಿನ ಮೇಲೆ ಕಾಲು. ಮಾವ ಕಾರಿನೊಳಗೇ ಇದ್ದರು. ಟಾರ್ಪಾಲ್ ಕಟ್ಟಿದ ಕಾರು, ನಡುಬಿಸಿಲು. ಆ ಕಾರಿನ ಕಿಟಕಿಯ ಗಾಜುಗಳು ಇಳಿಯುವುದನ್ನು ಎಂದೋ ಮರೆತಿದ್ದವು. ಟ್ರಕ್ಕಿನ ಪಕ್ಕದ ಹಲಗೆ ಅಡ್ಡವಿದ್ದದ್ದರಿಂದ ಬಾಗಿಲು ಒಂದು ಗೇಣು ಮಾತ್ರ ತೆರೆಯುತ್ತಿತ್ತು. ಈಗ ಹಗ್ಗ ಬಿಗಿದ ಮೇಲೆ ಅದೂ ಇಲ್ಲ. ಇಳಿದಾಯ್ತು ಎಂದು ಕೂಗಿದ ಬಾಯಿ ಯಾವುದು? ನನ್ನದು. ನನ್ನ ಗಂಟಲೇ ನನಗೆ ಗಂಟು ಬಿದ್ದಿತ್ತು.

"ಅತ್ತೆ..." ಎಂದೆ. ಬಾಯಿ ಒಣಗಿ ಎರಡು ಕೆಮ್ಮು ಬಂತು. "ಅತ್ತೆ, ಮಾವ ಕಾರಲ್ಲಿ ಹೋಗಿದಾರೆ. ನಾನೇ ಕಳಿಸಿದ್ದು. ಓನರ್ ಥರ ಮಾತಾಡಿ."

ಎರಡೇ ಮಾತಿನಲ್ಲಿ ಉಳಿದದ್ದನ್ನು ಹೇಳಿದೆ. ಅತ್ತೆಯ ಕೈಯಿಂದ ಲೋಟಗಳು ಒಂದಾದ ಮೇಲೊಂದು ಬಿದ್ದವು. ಡ್ರೈವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕಂಪನಿಗೆ ಮಾಡಿದೆ.

"ಒಳಗೆ ಜನ ಇದಾರಾ?" ಒಡತಿಯ ದನಿ ಕಿವಿಗೆ ಕೊರೆಯಿತು. "ಜೀವ ಇರೋ ಜನಾನಾ? ಊರ ಹೊರಗಿನ ವೇಬ್ರಿಡ್ಜಿನ ಹತ್ರ ನಿಲ್ತಾನೆ, ತೂಕ ಹಾಕಿಸೋಕೆ. ಓಡಿ ಅಲ್ಲಿಗೆ!"

ಅತ್ತೆಯ ಹತ್ತಿರ ಬಟ್ಟೆಯ ಗಂಟುಗಳನ್ನು ಮುಟ್ಟಿಸಲು ಒಂದು ಸ್ಕೂಟರಿದೆ. ಅವರೇ ಹತ್ತಿದರು, ನಾನು ಹಿಂದೆ. ಅಳತೆ ಟೇಪು ಇನ್ನೂ ಅವರ ಕೊರಳಲ್ಲೇ ನೇತಾಡುತ್ತಿತ್ತು, ಗಾಳಿಗೆ ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅವರು ಒಂದೇ ಒಂದು ಮಾತು ಆಡಿದರು, ಹಿಂದಕ್ಕೆ ತಿರುಗದೆ:

"ಗುಜರಿಗೆ ಹಾಕ್ತೀನಿ ಅಂದಿದ್ದಕ್ಕೇ ಅಲ್ವಾ ಅದರೊಳಗೆ ಹೋಗಿ ಕೂತಿದ್ದು?"

ಅಲ್ಲ ಅತ್ತೆ, ನನ್ನಿಂದ ಎಂದೆ. ಅವರಿಗೆ ಕೇಳಿಸಲಿಲ್ಲ ಅಥವಾ ಕೇಳಿಸಿಕೊಳ್ಳಲಿಲ್ಲ.

ವೇಬ್ರಿಡ್ಜ್ ಅಂದರೆ ನೆಲದಲ್ಲಿ ಹೂತ ಕಬ್ಬಿಣದ ದೊಡ್ಡ ಹಲಗೆ. ಲಾರಿಗಳು ಒಂದೊಂದಾಗಿ ಅದರ ಮೇಲೆ ಹತ್ತಿ ನಿಂತರೆ, ಗೂಡಿನಂಥ ಕೋಣೆಯ ನೆತ್ತಿಯಲ್ಲಿ ತೂಕ ಕೆಂಪು ಅಂಕಿಗಳಲ್ಲಿ ಮೂಡುತ್ತದೆ. ಸುತ್ತ ಧೂಳಿನ ಅಂಗಳ, ಸರತಿಯಲ್ಲಿ ಲಾರಿಗಳು. ನಮ್ಮ ಟ್ರಕ್ಕು ಸರತಿಯ ನಡುವೆಯಿತ್ತು. ಡ್ರೈವರು ಪಕ್ಕದಲ್ಲಿ ನಿಂತು ಬಾಳೆಹಣ್ಣು ಸುಲಿಯುತ್ತಿದ್ದ.

"ಬಿಚ್ಚಪ್ಪಾ! ಟಾರ್ಪಾಲ್ ಬಿಚ್ಚು! ನಮ್ಮನೆಯವರು ಒಳಗಿದ್ದಾರೆ!" ಅತ್ತೆ ಸ್ಕೂಟರನ್ನು ಸ್ಟ್ಯಾಂಡಿಗೂ ಹಾಕದೆ ಬಿಟ್ಟು ಓಡಿದರು.

"ಯಾರು? ಇಳಿದ್ರಲ್ಲಾ! ಇಳಿದಾಯ್ತು ಅಂತ ಅವರೇ ಕೂಗಿದ್ರು, ಈ ಕಿವಿಯಲ್ಲೇ ಕೇಳ್ದೆ!"

"ಕೂಗಿದ್ದು ಇವನು!"

ಡ್ರೈವರು ನನ್ನನ್ನು ನೋಡಿದ ನೋಟ ಇನ್ನೂ ಕನಸಿನಲ್ಲಿ ಬರುತ್ತದೆ. ಬಾಳೆಹಣ್ಣು ಎಸೆದು ಹಾರಿ ಹತ್ತಿ ಹಗ್ಗ ಕೊಯ್ದ. ಟಾರ್ಪಾಲ್ ಸರಿಯಿತು. ಅತ್ತೆ ಚಕ್ರದ ಮೇಲೆ ಕಾಲಿಟ್ಟು ಏರಿ ಗಾಜಿಗೆ ಮುಖ ಒತ್ತಿದರು.

ಮುಂದಿನ ಸೀಟು ಖಾಲಿ.

ಹಿಂದಿನ ಸೀಟಿನಲ್ಲಿ ದಿಂಬು, ಅದರ ಪಕ್ಕ ಥರ್ಮಾಸು. ಜನ ಇಲ್ಲ.

ಡ್ರೈವರು "ಅಯ್ಯೋ ದೇವ್ರೇ, ದಾರೀಲೆಲ್ಲಾದ್ರೂ..." ಎಂದು ಅರ್ಧಕ್ಕೇ ನಿಲ್ಲಿಸಿದ. ನಾವು ಬಂದ ರಸ್ತೆಯ ಕಡೆಗೆ ಮೂವರೂ ಒಟ್ಟಿಗೆ ತಿರುಗಿದೆವು. ಅತ್ತೆಯ ಕಾಲು ಚಕ್ರದಿಂದ ಜಾರಿತು. ಬೀಳದಂತೆ ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ರಬ್ಬರ್ ಬುರುಡೆ.

"ಪೋಂ!"

ಕಾರಿನೊಳಗೆ ಹಿಂದಿನ ಸೀಟಿನ ಕೆಳಗಿಂದ ಹೊದಿಕೆಯ ಗುಡ್ಡೆಯೊಂದು ಎದ್ದಿತು. ಗುಡ್ಡೆಯ ತುದಿಯಲ್ಲಿ ಮಾವನ ತಲೆ.

"ಡಾಕ್ಟರ ಊರು ಬಂತೇನು?" ಎಂದರು, ಕಣ್ಣುಜ್ಜುತ್ತ.

ನಾನು ನೆಲದ ಮೇಲೆ ಕೂತುಬಿಟ್ಟೆ. ಡ್ರೈವರು ತಲೆ ಮೇಲೆ ಕೈಯಿಟ್ಟ. ಅತ್ತೆ ಮಾತ್ರ ಹಾರ್ನ್ ಹಿಡಿದುಕೊಂಡೇ ನಿಂತಿದ್ದರು. ಬಾಗಿಲನ್ನು ಒಂದು ಗೇಣು ತೆರೆದು ಮೂತಿ ಹೊರಹಾಕಿದ ಮಾವನಿಗೆ ಒಂದು ಹನಿ ಬೆವರಿಲ್ಲ. ಸೀಟಿನ ಕೆಳಗೆ ಕಾರಿನ ನೆಲವೇ ತುಕ್ಕು ಹಿಡಿದು ತಟ್ಟೆಯಗಲ ತೂತಾಗಿತ್ತು. "ತಣ್ಣಗೆ ಗಾಳಿ ಬರ್ತಿತ್ತು. ಮೂಗು ಅದರ ಮೇಲಿಟ್ಟು ಮಲಗಿಬಿಟ್ಟೆ." ಅಷ್ಟು ವರ್ಷ ಮಾವ ಯಾರಿಗೂ ತೋರಿಸದೆ ಚಾಪೆ ಮುಚ್ಚಿಟ್ಟಿದ್ದ ತೂತು ಅವರ ಜೀವ ಕಾಪಾಡಿತ್ತು.

"ಕೆಳಗೆ ಯಾಕ್ರೀ ಮಲಗಿದ್ರಿ?" ಎಂದರು ಅತ್ತೆ.

"ಚಹಾದಂಗಡಿ ಹತ್ರ ಯಾರಾದ್ರೂ ನೋಡಿ, ಗಡಿಯಾರದವನ ಕಾರು ಓಡಲ್ಲ, ಅದಕ್ಕೇ ಟ್ರಕ್ ಮೇಲೆ ಹೊರಟಿದಾನೆ ಅಂದ್ರೆ?" ಎಂದರು ಮಾವ. ಆಮೇಲೆ ಡ್ರೈವರ ಕಡೆ ತಿರುಗಿ, "ನೀನೇನಪ್ಪಾ ಹೀಗೆ ನೋಡ್ತೀಯ? ನಿಮ್ಮ ಓನರ್ರೇ ಹೇಳಿದ್ದು, ಜೊತೆಗೊಂದು ಜನ ಬಿಡ್ತೀವಿ ಅಂತ."

"ನಮ್ಮ ಓನರ್ರಾ?" ಡ್ರೈವರು ತಬ್ಬಿಬ್ಬಾದ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದ.

"ಸಿಕ್ಕಿದ್ರೇನೋ ಆ ಮನುಷ್ಯ?" ಚಾಕುದನಿ. "ಬದುಕಿದ್ದಾರಾ? ಹಾಗಾದ್ರೆ ಗಾಡಿ ವಾಪಸ್ ತಗೊಂಡು ಹೋಗಿ ಅವರ ಮನೇಲೇ ಇಳಿಸು. ಇಂಥ ಹುಚ್ಚರ ಸಹವಾಸ ನಮಗೆ ಬೇಡ!"

ಮಾವನ ಮುಖದಲ್ಲಿ ನಿದ್ದೆ ಹಾರಿತು. ವಾಪಸ್ ಅಂದರೆ ಭಾನುವಾರ, ಭಾನುವಾರ ಅಂದರೆ ಗುಜರಿ. ಆದರೆ ಅವರಿಗೆ ಅದಕ್ಕಿಂತ ಮೊದಲು ಇನ್ನೊಂದು ಹೊಳೆಯಿತು.

"ಓನರ್ರು ಹೆಂಗಸಾ? ಹಾಗಾದ್ರೆ ಆ ಕೆಮ್ಮಿನ ಮನುಷ್ಯ ಯಾರು?"

ಆಗಲೇ ಅಂಗಳದ ಧೂಳು ನನ್ನ ಗಂಟಲಿಗೇ ಬರಬೇಕೆ?

"ಉಹ್ಹು, ಉಹ್ಹು."

ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು. ಹಲ್ಲುಚಕ್ರವೊಂದು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವಾಗಿನ ನೋಟ. ಸಿಕ್ಕಿತು.

"ಹಾಗಾದ್ರೆ... ಓಡಲ್ಲ ಅಂತ ನಾನು ಹೇಳಿದ್ದು ನಿನ್ನ ಹತ್ರಾನಾ?"

"ಹೌದು ಮಾವ."

"ಏನಂದ್ರಿ?" ಎಂದರು ಅತ್ತೆ.

ನಾವಿಬ್ಬರೂ ಬೆಚ್ಚಿದೆವು. ಅತ್ತೆಯ ಮುಖದಲ್ಲಿ ಮಾವ ಕಾಣೆಯಾದಾಗ ಇದ್ದದ್ದಕ್ಕಿಂತ ದೊಡ್ಡ ದಿಗಿಲು.

"ಇವರು ಓಡಲ್ಲ ಅಂದ್ರಾ? ಬಾಯಿ ಬಿಟ್ಟು? ಯಾರ ಹತ್ರ? ಈ ಪೆದ್ದನ ಹತ್ರ?" ಕಾರಿನ ಗಾಜಿನ ಮೇಲೆ ಕೈಯಿಟ್ಟರು. "ಇನ್ನೊಂದ್ಸಲ ಹೇಳಿ. ನನ್ನ ಹತ್ರ."

ಹಿಂದಿನ ಲಾರಿಗಳು ಮುಂದೆ ಹೋಗಿರೆಂದು ಹಾರ್ನ್ ಹೊಡೆಯುತ್ತಿದ್ದವು. ಒಡತಿ ಫೋನಿನಲ್ಲಿ "ಹಲೋ, ಹಲೋ" ಅನ್ನುತ್ತಿದ್ದರು. ಬಾಗಿಲ ಸಂದಿನಲ್ಲಿ ಸಿಕ್ಕಿಕೊಂಡ ಮಾವನ ತಲೆ ಅತ್ತ ತಿರುಗಿತು, ಇತ್ತ ತಿರುಗಿತು, ಓಡಲು ದಾರಿಯಿರಲಿಲ್ಲ.

"ಓಡಲ್ಲ ಕಣೇ" ಎಂದರು. "ಅವತ್ತೂ ಕೆಟ್ಟೇ ಹೋಗಿತ್ತು. ಮದುವೆ ದಿನ. ನನಗೆ ಗೊತ್ತಿತ್ತು. ಹೊಸ ಹೆಂಡತಿ ಎದುರಿಗೆ ಗಡಿಯಾರದವನ ಕಾರು ಕೆಡ್ತು ಅಂತ ಹೇಗೆ ಹೇಳೋದು? ಇಳಿದ್ರೆ ನಿನ್ನ ಮುಖ ನೋಡ್ಬೇಕಾಗ್ತಿತ್ತು. ಅದಕ್ಕೇ ಇಳೀಲಿಲ್ಲ."

ಅತ್ತೆ ಡ್ರೈವರ ಕೈಯಿಂದ ಫೋನ್ ಕಿತ್ತುಕೊಂಡರು.

"ನೋಡಮ್ಮಾ, ನಾನು ಆ ಹುಚ್ಚರ ಹೆಂಡತಿ. ಈ ಅಂಗಳ ದಾಟುವಾಗ ಗಾಡಿಯೊಳಗೆ ಒಂದು ನೊಣವೂ ಇರಲ್ಲ, ನಾನೇ ಗುಡಿಸಿ ಕಳಿಸ್ತೀನಿ. ಬೇಡ ಅನ್ಬೇಡ. ಒಳಗಿರೋದು ನನ್ನ ಸವತಿ. ವಾಸಿಯಾಗಿ ಬರ್ಲಿ, ಅವಳ ಹತ್ರ ನನಗೊಂದು ಲೆಕ್ಕ ಬಾಕಿ ಇದೆ, ನನ್ನನ್ನು ಮನೆ ತನಕ ಬಿಡೋದು."

ಆ ಕಡೆ ಮೊದಲ ಬಾರಿಗೆ ಚಾಕು ಮೊಂಡಾಯಿತು. "ಸವತೀನಾ?" ಎಂದರು ಒಡತಿ. ಆಮೇಲೆ, "ಹೋಗ್ಲಿ ಬಿಡಿ. ಆದರೆ ಆ ಮಿಮಿಕ್ರಿಯವನು ನನಗೆ ಇನ್ನೊಂದ್ಸಲ ಫೋನ್ ಮಾಡಿದ್ರೆ ಅವನನ್ನೇ ಬೆಲ್ಟ್ ಬಿಗಿದು ಸಾಗಿಸ್ತೀನಿ."

ಹಿಂದಿನ ಲಾರಿಯವನು ಹಾರ್ನಿನಿಂದ ಕೈ ತೆಗೆಯುತ್ತಲೇ ಇರಲಿಲ್ಲ. ಡ್ರೈವರು ಅವಸರ ಮಾಡಿದ. "ವೇಬ್ರಿಡ್ಜ್ ಖಾಲಿಯಾಯ್ತು, ಮುಂದೆ ತಗೋಬೇಕು. ಇಳೀರಿ ಇಬ್ರೂ."

"ಇಳಿಯೋಕೆ ನಾನಿನ್ನೂ ಹತ್ತೇ ಇಲ್ವಲ್ಲ" ಎಂದರು ಅತ್ತೆ. ಒಂದು ಗೇಣಿನ ಸಂದಿನಲ್ಲಿ ಹೇಗೆ ತೂರಿದರೋ ಅವರಿಗೇ ಗೊತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಮಾತ್ರ ಕಂಡೆ. ಹಿಂದಿನ ಸೀಟಿನಲ್ಲಿ, ಥರ್ಮಾಸನ್ನು ಆಚೆ ಸರಿಸಿ, ಮದುಮಗಳಂತೆ ನೆಟ್ಟಗೆ ಕೂತರು. ಮಾವ ಮುಂದಕ್ಕೆ ಹಾರಿ ಸ್ಟೀರಿಂಗ್ ಹಿಡಿದರು. ಡ್ರೈವರು ನನ್ನನ್ನು ನೋಡಿದ, ಆಕಾಶ ನೋಡಿದ, "ಅಲ್ಲೀವರೆಗೆ ಮಾತ್ರ" ಎಂದು ಟ್ರಕ್ಕು ಹತ್ತಿದ.

ಟ್ರಕ್ಕು ಇಂಚಿಂಚಾಗಿ ಹೊರಟಿತು. ಅಂಗಳದ ಧೂಳಿನಲ್ಲಿ, ಲಾರಿಗಳ ನಡುವೆ, ಪಟ್ಟದರಸಿ ಎಲ್ಲರ ತಲೆಗಿಂತ ಎತ್ತರದಲ್ಲಿ ಸಾಗಿದಳು. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ.

"ಓಡ್ತಿದೆ ಕಣ್ರೀ!" ಅತ್ತೆ ಗಾಜಿನೊಳಗಿಂದ ಕೂಗಿದರು.

"ಓಡಲ್ಲ ಕಣೇ!" ಮಾವ ಅದಕ್ಕಿಂತ ಜೋರಾಗಿ ಕೂಗಿದರು. ಆ ಮಾತಿಗೆ ಹಾಕಿದ್ದ ಇಷ್ಟು ವರ್ಷದ ಬೀಗ ಒಡೆದು ಹೋಗಿತ್ತು; ಮತ್ತೆ ಮತ್ತೆ ಹೇಳಿದರು. "ಕೆಟ್ಟಿದೆ! ಪೂರ್ತಿ ಕೆಟ್ಟಿದೆ! ನೆಲಾನೂ ತೂತು!"

ವೇಬ್ರಿಡ್ಜಿನ ಮೇಲೆ ಟ್ರಕ್ಕು ನಿಂತಿತು. ಮಾವ ಬಾಗಿಲ ಸಂದಿನಿಂದ ಕತ್ತು ಹೊರಹಾಕಿ ನನ್ನನ್ನು ಹುಡುಕಿದರು. ಕಪಾಳಕ್ಕೆ ಎಟಕದಷ್ಟು ದೂರ ಸರಿದು ನಿಂತೆ. ಅವರು ಬಾಯಿ ತೆರೆದರು. ನನ್ನದೇ ಎರವಲು ದನಿ ಅವರ ಬಾಯಿಂದ ಬಂತು, ನನಗಿಂತ ಚೆನ್ನಾಗಿ.

"ಉಹ್ಹು, ಉಹ್ಹು. ಓಡೋ ಗಾಡಿಗೆ ಆ ಸವಲತ್ತಿಲ್ಲ!"

ಅಷ್ಟೇ, ತಡೆಯಲಾಗಲಿಲ್ಲ ಅವರಿಗೆ. ಸ್ಟೀರಿಂಗ್ ಮೇಲೆ ಬಿದ್ದು ನಕ್ಕರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು, ಡ್ರೈವರು ನಗುತ್ತಿದ್ದ, ನಾನೂ ಹೆದರಿಕೆ ಇಳಿದು ನಕ್ಕೆ. ಆದರೆ ನಮ್ಮೆಲ್ಲರ ನಗು ಸೇರಿಸಿದರೂ ಮಾವನ ನಗುವಿಗೆ ಸಾಟಿಯಾಗಲಿಲ್ಲ. ಕಾರು ಅಲ್ಲಾಡಿತು, ಕಾರಿನಿಂದ ಟ್ರಕ್ಕು ಅಲ್ಲಾಡಿತು, ಗೂಡಿನ ನೆತ್ತಿಯಲ್ಲಿ ಕೆಂಪು ಅಂಕಿಗಳು ಏರಿ ಇಳಿದು ಕುಣಿಯತೊಡಗಿದವು. ತೂಕದವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಗಾಬರಿಯಿಂದ ಕೂಗಿದ:

"ಯಾರ್ರೀ ಅದು ಗಾಡಿ ಮೇಲೆ? ನಗು ನಿಲ್ಸಿ ಸ್ವಾಮಿ, ತೂಕ ನಿಲ್ತಿಲ್ಲ!"

ಮಾವ ನಿಲ್ಲಿಸಲಿಲ್ಲ.